ಮುಂದು ಹಿಂದಿಲ್ಲದ ದೋಣಿ

ಜಪಾನಿನಲ್ಲಿ, ಟೋಕಿಯೋ ಪಕ್ಕದ ಇಚಿಕಾವಾದಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿರುವ ಸರಸ್ವತಕ್ಕನಿಗೆ ಹರಿಗೋಲು ನಡೆಸಲು ಬರುತ್ತದೆ ಎಂದು ಅವರು ಇಲ್ಲಿಗೆ ಬಂದು ಒಂದು ವರ್ಷ ಕಳೆದರೂ ಯಾರಿಗೂ ಗೊತ್ತಿರಲಿಲ್ಲ. ಅವರ ಗಂಡ ಉಮಾಶಂಕರ್ ಅವರಿಗೆ ಗೊತ್ತಿತ್ತು, ಅವರು ಹೇಳುತ್ತಿರಲಿಲ್ಲ. ಎರಡು ಸಾವಿರದ ಇಸವಿ ಮೇ ಐದರಂದು ತೋನೆ ನದಿಯಲ್ಲಿ ನಡೆದದ್ದನ್ನು ನಾನು ದಡದಿಂದ ನೋಡಿದೆ. ದಡಕ್ಕೆ ಕಾಣದ್ದನ್ನು ದೋಣಿಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕೇಳಿ ಬರೆದಿದ್ದೇನೆ. ಅವರ ಮಾತು ಒಂದಕ್ಕೊಂದು ಹೊಂದದ ಕಡೆ ಹಾಗೆಂದು ಹೇಳಿದ್ದೇನೆ.

ಸರಸ್ವತಕ್ಕನ ಊರು ತಲಕಾಡಿನಿಂದ ಸ್ವಲ್ಪ ದೂರ, ಕಾವೇರಿಯ ದಡದಲ್ಲಿ. ಅವರ ಅಪ್ಪ ಅಲ್ಲಿ ಜನ ಹೊಳೆ ದಾಟುವ ಕಡವಿನ ಅಂಬಿಗರು. ಹರಿಗೋಲು ಎಂದರೆ ಬಿದಿರಿನ ಸೀಳುಗಳಿಂದ ಹೆಣೆದ, ತಳಕ್ಕೆ ಡಾಂಬರು ಬಳಿದ ದೊಡ್ಡ ದುಂಡು ಬುಟ್ಟಿ. ನಡೆಸುವವರು ಅಂಚಿನಲ್ಲಿ ಮಂಡಿಯೂರಿ ಕುಳಿತು, ಹುಟ್ಟಿನಿಂದ ಎದುರಿನ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾ ಹೋಗುತ್ತಾರೆ. ಸರಸ್ವತಕ್ಕ ಒಂಬತ್ತನೆಯ ವಯಸ್ಸಿಗೆ ಹುಟ್ಟು ಹಿಡಿದರು. ಹದಿನಾಲ್ಕರ ಹೊತ್ತಿಗೆ ಹನ್ನೆರಡು ಜನರನ್ನೂ ಒಂದು ಕರುವನ್ನೂ ಒಂದೇ ಸಲ ದಾಟಿಸಿದ್ದರು. ಕರು ಮಧ್ಯದಲ್ಲಿ ಗಾಬರಿಯಾಯಿತಂತೆ, ಜನ ಆಗಲಿಲ್ಲವಂತೆ.

ಆ ಕಡವಿಗೆ ಪ್ರತಿ ಶನಿವಾರ ಮೈಸೂರಿನಿಂದ ಒಬ್ಬ ಹುಡುಗ ಬರುತ್ತಿದ್ದ. ಆಚೆ ದಡದಲ್ಲಿ ಸೋದರತ್ತೆಯ ಮನೆ ಇದೆ ಎನ್ನುತ್ತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ, ಬುಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂರುತ್ತಿದ್ದ. ನಡುನೀರಿಗೆ ಬಂದ ಮೇಲೆ ಸರಸ್ವತಕ್ಕ ಹರಿಗೋಲನ್ನು ಗಿರಗಿರನೆ ತಿರುಗಿಸುತ್ತಿದ್ದರು. ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಆದರೆ ಮುಂದಿನ ಶನಿವಾರ ಮತ್ತೆ ಬರುತ್ತಿದ್ದ. ಅವನೇ ಉಮಾಶಂಕರ್. ಸೋದರತ್ತೆಗೆ ತನ್ನ ಮೇಲೆ ಅಷ್ಟೇನೂ ಪ್ರೀತಿ ಇರಲಿಲ್ಲ ಎಂದು ಅವರು ಈಗ ಒಪ್ಪಿಕೊಳ್ಳುತ್ತಾರೆ.

ಉಮಾಶಂಕರ್ ಅವರ ಮನೆಯವರೂ ಅದೇ ಅಂಬಿಗರ ಜನ, ಆದರೆ ಒಂದು ತಲೆಮಾರಿನ ಹಿಂದೆಯೇ ನದಿ ಬಿಟ್ಟು ಊರು ಸೇರಿದ್ದರು. ಮದುವೆಯ ಮಾತಿನಲ್ಲಿ ಅವರ ತಾಯಿ ಒಂದೇ ಷರತ್ತು ಹಾಕಿದರು, ಹುಡುಗಿ ಇನ್ನು ಹುಟ್ಟು ಮುಟ್ಟಬಾರದು. ಉಮಾಶಂಕರ್ ಆಗ ಏನೂ ಹೇಳಲಿಲ್ಲ. ಸರಸ್ವತಕ್ಕನಿಗೆ ಆಗ ಹತ್ತೊಂಬತ್ತು ವರ್ಷ. ಆಮೇಲೆ ಹದಿನೇಳು ವರ್ಷ ಅವರು ಹುಟ್ಟು ಮುಟ್ಟಲಿಲ್ಲ.

ತೊಂಬತ್ತೆಂಟರಲ್ಲಿ ಕಂಪನಿ ಉಮಾಶಂಕರ್ ಅವರನ್ನು ಟೋಕಿಯೋಗೆ ಕಳಿಸಿತು. ಹಳೆಯ ಕೋಬಾಲ್ ಪ್ರೋಗ್ರಾಂಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದನ್ನೆಲ್ಲ ಹುಡುಕಿ ನಾಲ್ಕು ಅಂಕಿ ಮಾಡುವುದು ಅವರ ಕೆಲಸ. ಅವರು ಬೆಳಿಗ್ಗೆ ತೋಜಾಯಿ ಲೈನ್ ರೈಲು ಹತ್ತಿದರೆ ಮನೆಗೆ ಬರುವಾಗ ಊಟ ಆರಿರುತ್ತಿತ್ತು. ಸರಸ್ವತಕ್ಕ ಸಂಜೆ ಎದೋ ನದಿಯ ಏರಿಯ ಮೇಲೆ ನಡೆಯುತ್ತಿದ್ದರು. ಅಷ್ಟು ಅಗಲದ ನದಿಯನ್ನು ರೈಲು ಸೇತುವೆಯ ಮೇಲೆ ನಲವತ್ತು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅದರೊಳಗೆ ಕುಳಿತವರು ಒಬ್ಬರೂ ಪೇಪರಿನಿಂದ ತಲೆ ಎತ್ತುವುದಿಲ್ಲ. ಅದನ್ನು ನೋಡಿ ಅವರಿಗೆ ನಗು ಬರುತ್ತಿತ್ತಂತೆ.

ಊರಿನ ಉತ್ತರಕ್ಕೆ ಮರಸೇಬಿನ, ಅಂದರೆ ಪೇರ್ ಹಣ್ಣಿನ ತೋಟಗಳಿವೆ. ತೊಂಬತ್ತೊಂಬತ್ತರ ಏಪ್ರಿಲ್‌ನಲ್ಲಿ ಸರಸ್ವತಕ್ಕ ಆ ಕಡೆ ನಡೆದುಹೋಗುವಾಗ ಒಬ್ಬ ವಯಸ್ಸಾದ ಹೆಂಗಸು ಏಣಿಯ ಮೇಲೆ ನಿಂತು ಹೂವುಗಳಿಗೆ ಗರಿಯಂಥ ಕುಂಚದಿಂದ ಪರಾಗ ಮುಟ್ಟಿಸುತ್ತಿದ್ದರು. ಪ್ರತಿಯೊಂದು ಹೂವಿಗೂ, ಕೈಯಿಂದ. ಅವರೇ ಹೊರಿಗುಚಿ ಸಾನ್ (ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಅವರು ಎಂದ ಹಾಗೆ). ಆಗ ಅವರಿಗೆ ಅರವತ್ತಾರು ವರ್ಷ (ಅರವತ್ತೇಳು ಎಂದು ಮೊದಲು ಬರೆದಿದ್ದೆ, ಅವರೇ ತಿದ್ದಿಸಿದರು). ಸರಸ್ವತಕ್ಕ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ, ಕೈ ಚಾಚಿ, ಇನ್ನೊಂದು ಕುಂಚ ಕೇಳಿದರು. ನಾಲ್ಕು ದಿನ ಇಬ್ಬರೂ ಹೂವು ಮುಟ್ಟಿದರು. ಮಾತು ಹೆಚ್ಚಿರಲಿಲ್ಲ. ಐದನೆಯ ದಿನ ಹೊರಿಗುಚಿ ಸಾನ್ ಪ್ರತಿಫಲವಾಗಿ ಏನು ಬೇಕು ಎಂದಾಗ ಸರಸ್ವತಕ್ಕ ತೋಟದ ಹಿಂದಿನ ಬಿದಿರು ಮೆಳೆಯನ್ನು ತೋರಿಸಿದರು. ಯಾಕೆ ತೋರಿಸಿದೆ ಎಂದು ತನಗೇ ಗೊತ್ತಿರಲಿಲ್ಲ ಎನ್ನುತ್ತಾರೆ.

ಬುಟ್ಟಿದೋಣಿಯ ಚಿತ್ರವನ್ನು ಅವರು ಕಾಗದದ ಮೇಲೆ ಬರೆದು ತೋರಿಸಿದಾಗ ಹೊರಿಗುಚಿ ಸಾನ್ ತುಂಬಾ ಹೊತ್ತು ನೋಡಿದರು. ಆಮೇಲೆ ಅದೇ ಕಾಗದದ ಮೇಲೆ ಒಂದು ಬೆಟ್ಟ ಬರೆದರು, ಅದಕ್ಕೆ ಬೆಕ್ಕಿನ ಹಾಗೆ ಎರಡು ಕಿವಿ ಇಟ್ಟರು. ಅದು ತಾನಿಗಾವಾ ಶಿಖರ, ಅವರ ತವರಿನ ಬೆಟ್ಟ. ಅದರ ಹಿಮ ಕರಗಿ ತೋನೆ ನದಿಗೆ ಇಳಿಯುತ್ತದೆ, ತೋನೆಯಿಂದ ಒಂದು ಕವಲು ಒಡೆದು ಎದೋ ಆಗಿ ಇಚಿಕಾವಾದ ಮುಂದೆ ಹರಿಯುತ್ತದೆ. ಸರಸ್ವತಕ್ಕ ದಿನಾ ಸಂಜೆ ನೋಡುತ್ತಿದ್ದುದು ಆ ಹಿಮವನ್ನೇ. ಹೊರಿಗುಚಿ ಸಾನ್‌ರ ತವರೂರಿನಲ್ಲಿ ಪ್ರತಿ ಮೇ ಐದರಂದು, ಹಿಮದ ನೀರು ತುಂಬಿ ಬರುವಾಗ, ಕೈಯಾರೆ ಮಾಡಿದ ದೋಣಿಗಳ ಓಟ ನಡೆಯುತ್ತದೆ. ನಾಲ್ಕು ಕಿಲೋಮೀಟರು. ಒಂದು ದೋಣಿಗೆ ನಾಲ್ಕು ಜನ, ಕೆಳಗಿನ ಗೆರೆ ಮುಟ್ಟಲಾರದ ದೋಣಿಗಳನ್ನು ಕಾವಲಿನವರು ಹಗ್ಗ ಕಟ್ಟಿ ಎಳೆದು ತರುತ್ತಾರೆ.

ಆ ಸಂಜೆ ಸರಸ್ವತಕ್ಕ, ಹರಿಗೋಲು ಹೆಣೆದು ಆ ಓಟಕ್ಕೆ ಇಳಿಯುತ್ತೇನೆ ಎಂದು ಗಂಡನಿಗೆ ಹೇಳಿದರು. ಉಮಾಶಂಕರ್ ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ಹದಿನೇಳು ವರ್ಷದ ಮೇಲೆ ಕೈಗೆ ನೆನಪಿರುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

"ಅದೇ ನಂಗೂ ಗೊತ್ತಾಗ್ಬೇಕು" ಎಂದರು ಸರಸ್ವತಕ್ಕ. "ದೋಣಿ ಕೆಳಗಿನ ಗೆರೆ ಮುಟ್ಟಿದ್ರೆ ನೆನಪಿದೆ ಅಂತ. ಕಾವಲಿನವರು ಹಗ್ಗ ಕಟ್ಟಿ ಎಳ್ಕೊಂಡ್ ಹೋದ್ರೆ ಇನ್ನು ಜನ್ಮದಲ್ಲಿ ಹುಟ್ಟು ಮುಟ್ಟಲ್ಲ. ಅತ್ತೆ ಹೇಳಿದ್ದಕ್ಕಲ್ಲ. ನಾನೇ."

ಉಮಾಶಂಕರ್ ಅನ್ನ ಮುಗಿಸಿ, ಕೈ ತೊಳೆದು ಬಂದು, ನಾಲ್ವರಲ್ಲಿ ಒಬ್ಬನಾಗಿ ನನ್ನನ್ನು ಬರೆದುಕೋ ಎಂದರು. ಈಜು ಅವರಿಗೆ ಈಗಲೂ ಬರುವುದಿಲ್ಲ.

ಬಿದಿರು ಕಡಿಯಲು ಚಳಿಗಾಲದವರೆಗೆ ಕಾದರು. ಡಿಸೆಂಬರ್‌ನ ಕೊನೆಯ ವಾರ, ಹೊಸ ಇಸವಿ ಹುಟ್ಟಿದಾಗ ಪ್ರಪಂಚದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಉಮಾಶಂಕರ್ ಆಫೀಸಿನಲ್ಲೇ ಸ್ಲೀಪಿಂಗ್ ಬ್ಯಾಗ್ ಹಾಕಿಕೊಂಡಿದ್ದಾಗ, ಸರಸ್ವತಕ್ಕ ಹೊರಿಗುಚಿ ಸಾನ್‌ರ ಕೊಟ್ಟಿಗೆಯಲ್ಲಿ ಬಿದಿರು ಸೀಳುತ್ತಿದ್ದರು. ಕಂಪ್ಯೂಟರುಗಳು ನಿಲ್ಲಲಿಲ್ಲ. ಹರಿಗೋಲು ಫೆಬ್ರವರಿಗೆ ಮುಗಿಯಿತು. ತಳಕ್ಕೆ ಇಲ್ಲಿ ಕಟ್ಟಡ ಕಟ್ಟುವ ಕಡೆಯೆಲ್ಲ ಹೊದಿಸುವ ನೀಲಿ ಶೀಟನ್ನು ಎರಡು ಪದರ ಹಾಕಿ ಡಾಂಬರು ಬಳಿದರು. ಮೂರನೆಯವರು ಹೊರಿಗುಚಿ ಸಾನ್, ನಾಲ್ಕನೆಯವನಾಗಿ ಉಮಾಶಂಕರ್ ಅವರ ಆಫೀಸಿನ ನವೀನ ಸೇರಿಕೊಂಡ. ಹೊಸ ವರ್ಷಕ್ಕೆ ಏನೂ ಆಗದೆ ಇದ್ದದ್ದು ಅವನಿಗೆ ದೊಡ್ಡ ನಿರಾಸೆಯಾಗಿತ್ತು, ಏನಾದರೂ ಆಗಲಿ ಎಂದೇ ಬಂದ.

ಹೊರಡುವ ಮುಂಚೆ ಸರಸ್ವತಕ್ಕ ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ಈಗಲೂ ಮಗನ ಜೊತೆ ಕಡವಿನಲ್ಲೇ ಇದ್ದಾರೆ, ಭಾನುವಾರ ಪ್ರವಾಸಿಗರನ್ನು ಕೂರಿಸಿಕೊಳ್ಳುತ್ತಾರೆ. ಅವರಿಗೆ ಈ ಓಟ ಅರ್ಥವಾಗಲಿಲ್ಲ.

"ಅಲ್ಲಿ ಹೊಳೆಗೆ ಸೇತುವೆ ಇಲ್ವೇನವ್ವ?"

"ಬೇಕಾದಷ್ಟಿವೆ ಅಪ್ಪ."

"ಮತ್ತೆ ಆ ದಡಕ್ಕೆ ಯಾಕೆ ದೋಣೀಲಿ ಹೋಗ್ತೀರಿ?"

"ಆ ದಡಕ್ಕೆ ಹೋಗಲ್ಲಪ್ಪ. ಹೊಳೆ ಹರಿಯೋ ಕಡೆ, ಕೆಳಕ್ಕೆ ಹೋಗೋದು. ಸುಮ್ನೆ, ಆಟಕ್ಕೆ."

ಅಪ್ಪ, ಕೆಳಕ್ಕೆ ಹೋಗೋಕೆ ಅಂಬಿಗ ಯಾಕೆ, ನೀರೇ ಕರ್ಕೊಂಡ್ ಹೋಗುತ್ತಲ್ಲ ಎಂದು ಫೋನನ್ನು ಮಗನ ಕೈಗೆ ಕೊಟ್ಟರು.

ಮೇ ನಾಲ್ಕರಂದು ಹರಿಗೋಲು ಹೊರಿಗುಚಿ ಸಾನ್‌ರ ಪುಟ್ಟ ಬಿಳಿ ಟ್ರಕ್ಕಿನ ಮೇಲೆ ಬೋರಲಾಗಿ ಹೊರಟಿತು. ಟ್ರಕ್ಕಿಗೆ ಯಾರೋ ದೊಡ್ಡ ಟೋಪಿ ಹಾಕಿದ ಹಾಗೆ ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ಮಕ್ಕಳು ಕೈ ಬೀಸುತ್ತಿದ್ದರು. ಸಂಜೆಯ ಹೊತ್ತಿಗೆ ಬೆಟ್ಟ ಕಂಡಿತು, ನಿಜವಾಗಿಯೂ ಎರಡು ಕಿವಿ, ಎರಡೂ ಬೆಳ್ಳಗೆ. ಸರಸ್ವತಕ್ಕ ನದಿಗೆ ಇಳಿದು ಕೈ ಅದ್ದಿದರು. ನೀರು ಹಸಿರಾಗಿತ್ತು. ಹತ್ತು ಎಣಿಸುವ ಹೊತ್ತಿಗೆ ಬೆರಳುಗಳು ತಮ್ಮವಲ್ಲ ಎನ್ನಿಸಿದವಂತೆ. ಅವರು ಕೈ ತೆಗೆದು ಜೋರಾಗಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ತಪಾಸಣೆ. ಹೊರಡುವ ಮುಂಚೆ ಗಂಗೆಗೆ ಒಡೆಯಲು ಉಮಾಶಂಕರ್ ಉಯೆನೋ ಮಾರ್ಕೆಟ್ಟಿನಿಂದ ತೆಂಗಿನಕಾಯಿ ತಂದಿದ್ದರು. ನದಿಗೆ ಏನನ್ನೂ ಹಾಕುವಂತಿಲ್ಲ ಎಂದು ಗೊತ್ತಾದದ್ದರಿಂದ ಅದನ್ನು ದಡದಲ್ಲಿ ಒಡೆದು ಸುತ್ತಲಿನ ದೋಣಿಯವರಿಗೆಲ್ಲ ಹಂಚಿದರು. ಹೀಗಾಗಿ ತಪಾಸಣೆಗೆ ಬಂದ ಅರಾಯಿ ಸಾನ್‌ರ ಬಾಯಲ್ಲಿ ಕೊಬ್ಬರಿ ಇತ್ತು.

ಅವರ ಕೈಯಲ್ಲಿದ್ದ ಫಾರಂನಲ್ಲಿ ಮೊದಲು ದೋಣಿಯ ಉದ್ದ. ಅಳೆದರು, ಎರಡು ಮೀಟರ್ ಹತ್ತು. ಆಮೇಲೆ ಅಗಲ. ಎರಡು ಮೀಟರ್ ಹತ್ತು. ಅವರಿಗೆ ನಂಬಿಕೆ ಬರಲಿಲ್ಲ, ಟೇಪನ್ನು ಓರೆಯಾಗಿ ಹಿಡಿದು ಇನ್ನೆರಡು ಸಲ ಅಳೆದರು. ಅದು ಹೇಗೋ ದಾಟಿತು. ಮುಂದಿನ ಸಾಲಿನಲ್ಲಿ ತೊಂದರೆ ಬಂತು. ನಂಬರ್ ಫಲಕವನ್ನು ದೋಣಿಯ ಮುಂಭಾಗಕ್ಕೆ ಕಟ್ಟಬೇಕು, ಹನ್ನೆರಡು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ಬರುವ ಹಾಡು ಮುಗಿಯುವುದರೊಳಗೆ ಆ ಮುಂಭಾಗ ಕೆಳಗಿನ ಗೆರೆ ದಾಟಬೇಕು, ದಾಟದ ದೋಣಿಗಳನ್ನು ಕಾವಲಿನ ರಬ್ಬರ್ ರಾಫ್ಟ್ ಎಳೆದು ತರುತ್ತದೆ. ಅರಾಯಿ ಸಾನ್ ಇಪ್ಪತ್ತೇಳನೇ ನಂಬರಿನ ಫಲಕ ಹಿಡಿದು ಹರಿಗೋಲಿಗೆ ಎರಡು ಸುತ್ತು ಬಂದರು. ನಿಂತರು. ಇನ್ನೊಂದು ಸುತ್ತು ಎದುರು ದಿಕ್ಕಿನಿಂದ ಬಂದರು. ಕೊನೆಗೆ ತುಂಬಾ ವಿನಯದಿಂದ, ಈ ದೋಣಿಯ ಮುಂಭಾಗ ಎಲ್ಲಿದೆ ಎಂದು ಕೇಳಿದರು.

ನವೀನ ಅದನ್ನು ಕನ್ನಡದಲ್ಲಿ ಹೇಳಿ, "ಅಕ್ಕ, ಸುಮ್ನೆ ಒಂದು ಕಡೆ ಕುಂಕುಮ ಇಟ್ಟು ಇದೇ ಫ್ರಂಟ್ ಅಂದ್ಬಿಡಿ" ಎಂದ.

"ಸುಳ್ಳು ಯಾಕಪ್ಪ ಹೇಳ್ಲಿ" ಎಂದರು ಸರಸ್ವತಕ್ಕ. "ನಾನು ಎಲ್ಲಿ ಕೂತ್ಕೋತೀನೋ ಅದೇ ಮುಂದೆ."

ನವೀನ ಇದನ್ನು ಜಪಾನೀಸಿಗೆ ತಂದ. ಅರಾಯಿ ಸಾನ್ ಇನ್ನಿಬ್ಬರು ಅಧಿಕಾರಿಗಳನ್ನು ಕರೆದರು. ಮೂವರೂ ನಿಯಮದ ಪುಸ್ತಕ ಬಿಡಿಸಿಕೊಂಡು ಹದಿನೈದು ನಿಮಿಷ ನಿಂತರು. ಆಮೇಲೆ ಮೂವರೂ ಸೇರಿ ಬಂದು, ತಲೆಬಾಗಿ, ಫಲಕವನ್ನು ಸರಸ್ವತಕ್ಕನ ಲೈಫ್ ಜಾಕೆಟ್ಟಿನ ಎದೆಗೆ ಕಟ್ಟಿದರು. ಫಾರಂನಲ್ಲಿ ಮುಂಭಾಗ ಎಂಬ ಕಡೆ ಅವರ ಹೆಸರು ಬರೆದರು. ಆದರೆ ಇಂಥ ದೋಣಿ ಹೇಗೆ ಹೋಗುತ್ತದೋ ಗೊತ್ತಿಲ್ಲದ ಕಾರಣ ಎಲ್ಲರಿಗಿಂತ ಕೊನೆಗೆ ಬಿಡುವುದು ಎಂದು ತೀರ್ಮಾನವಾಯಿತು.

ಹನ್ನೊಂದು ಇಪ್ಪತ್ತೈದಕ್ಕೆ ಎಡದಡದಿಂದ ಇವರನ್ನು ಬಿಟ್ಟರು. ಮೊದಲ ತಿರುವಿನಲ್ಲೇ ನೀರು ಹರಿಗೋಲನ್ನು ಹಿಡಿದು ತಿರುಗಿಸಿತು. ಹಿಮದ ಬೆಟ್ಟ ಬಂತು, ಹೋಯಿತು, ಸೇತುವೆ ಬಂತು, ಮತ್ತೆ ಬೆಟ್ಟ ಬಂತು. ಬೆಟ್ಟ ಏಳು ಸಲ ಬಂತು ಎನ್ನುತ್ತಾರೆ ಉಮಾಶಂಕರ್. ನಾಲ್ಕಾದ ಮೇಲೆ ತಾನು ಕಣ್ಣು ಮುಚ್ಚಿದೆ ಎನ್ನುತ್ತಾನೆ ನವೀನ. ಉಮಾಶಂಕರ್ ಈ ಸಲ ಕಣ್ಣು ಮುಚ್ಚಲಿಲ್ಲ. ಅಂಚನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದಿದ್ದರು. ಹೊರಿಗುಚಿ ಸಾನ್ ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಗುತ್ತಿದ್ದದ್ದು ದಡಕ್ಕೂ ಕೇಳಿಸುತ್ತಿತ್ತು.

ಆಮೇಲೆ ಸರಸ್ವತಕ್ಕನ ಕೈಗೆ ನೀರು ಸಿಕ್ಕಿತು. ಹುಟ್ಟು ಒಳಗೆ ಹೋದದ್ದು, ಎಳೆದದ್ದು, ಮೇಲೆ ಬಂದದ್ದು ತನಗೆ ಗೊತ್ತೇ ಆಗಲಿಲ್ಲ, ಸುಮ್ಮನೆ ನೋಡುತ್ತಿದ್ದೆ ಎನ್ನುತ್ತಾರೆ. ತಿರುಗುವುದು ನಿಂತಿತು. ಹರಿಗೋಲು ಹಸಿರು ನೀರಿನ ಮೇಲೆ ನೇರವಾಗಿ, ಸಲೀಸಾಗಿ, ಎಲ್ಲರೂ ಬೆರಗಾಗುವ ಹಾಗೆ ಹೋಗತೊಡಗಿತು. ದಡದ ಜನ ಚಪ್ಪಾಳೆ ಹೊಡೆದರು. ನಾಲ್ಕೇ ನಿಮಿಷದಲ್ಲಿ ಅದು ಬಲದಡದ ಜಲ್ಲಿಕಲ್ಲಿನ ಮೇಲೆ ಬಿಂದಿಗೆ ಇಟ್ಟಷ್ಟು ಮೆಲ್ಲಗೆ ಹೋಗಿ ನಿಂತಿತು. ಸರಸ್ವತಕ್ಕ ಹುಟ್ಟನ್ನು ಅಡ್ಡ ಇಟ್ಟು, ಹಿಂದೆ ತಿರುಗಿ, "ಇಳೀರಿ, ನೋಡ್ಕೊಂಡ್ ಇಳೀರಿ" ಎಂದರು.

ನವೀನ ಇಳಿದ. ಮೊಣಕಾಲವರೆಗೆ ಹಿಮದ ನೀರಿನಲ್ಲಿ ನಿಂತು, ಯಾಕೆ ಇಳಿದೆ ಎಂದು ಆಗ ಯೋಚಿಸಿದ. ಹೊರಿಗುಚಿ ಸಾನ್ ಒಂದು ಕಾಲು ಹೊರಗೆ ಹಾಕಿದ್ದರು.

"ಸರಸೂ" ಎಂದರು ಉಮಾಶಂಕರ್, "ರೇಸು ಕೆಳಕ್ಕೆ."

ಸರಸ್ವತಕ್ಕನ ಕೈ ತನಗೆ ಗೊತ್ತಿದ್ದನ್ನು ಮಾಡಿತ್ತು. ಹತ್ತು ವರ್ಷ ಅದು ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಿತ್ತೇ ಹೊರತು ಒಂದು ದಿನವೂ ಹೊಳೆಯ ಜೊತೆ ಕೆಳಕ್ಕೆ ಹೋಗಿರಲಿಲ್ಲ. ಅಷ್ಟರಲ್ಲಿ ಕಾವಲಿನ ರಾಫ್ಟ್ ಹತ್ತಿರ ಬಂತು. ಅದರಲ್ಲಿದ್ದವರು ದಾರಿ ತಪ್ಪಿದ ವಿದೇಶಿಯರಿಗೆ ಸಹಾಯ ಮಾಡಲು ಹಗ್ಗ ಬಿಚ್ಚುತ್ತಿದ್ದರು, ತುಂಬಾ ಒಳ್ಳೆಯ ಮನಸ್ಸಿನಿಂದ. ಗಂಟೆ ಹನ್ನೊಂದು ಮೂವತ್ತೊಂದು. ಇನ್ನೂ ಮೂರು ಕಿಲೋಮೀಟರಿಗಿಂತ ಹೆಚ್ಚಿತ್ತು. ಸರಸ್ವತಕ್ಕ ಹಗ್ಗವನ್ನು ನೋಡಿದರು, ಎದುರು ದಡವನ್ನು ನೋಡಿದರು.

"ನವೀನ, ಹತ್ತು" ಎಂದರು. "ಕೆಳಕ್ಕೆ ಹೋಗೋದು ನಂಗೆ ಗೊತ್ತಿಲ್ಲ. ದಾಟೋದು ಗೊತ್ತು. ದಾಟ್ತಾ ದಾಟ್ತಾನೇ ಹೋಗ್ತೀನಿ. ಕೆಳಕ್ಕೆ ಹೊಳೆ ಕರ್ಕೊಂಡ್ ಹೋಗ್ಲಿ."

"ಅಕ್ಕ, ನನ್ನ ಕಾಲು ಇದ್ಯಾ ನೋಡಿ ಮೊದ್ಲು" ಎನ್ನುತ್ತಾ ನವೀನ ಹತ್ತಿದ.

ಅಲ್ಲಿಂದ ಮುಂದೆ ದಡದ ಜನರಿಗೆ ಅರ್ಥವಾಗದ ಓಟ ಶುರುವಾಯಿತು. ಹರಿಗೋಲು ಬಲದಡದಿಂದ ಎಡದಡಕ್ಕೆ ಹೊರಡುತ್ತಿತ್ತು. ಅಷ್ಟರಲ್ಲಿ ನೀರು ಅದನ್ನು ಆರುನೂರು ಮೀಟರ್, ಏಳುನೂರು ಮೀಟರ್ ಕೆಳಕ್ಕೆ ಒಯ್ಯುತ್ತಿತ್ತು. ದಡ ಮುಟ್ಟುವ ಮುಂಚೆಯೇ ಸರಸ್ವತಕ್ಕ ಹುಟ್ಟನ್ನು ಇನ್ನೊಂದು ಪಕ್ಕಕ್ಕೆ ಹಾಕಿ ಮತ್ತೆ ಆಚೆ ದಡಕ್ಕೆ ಹೊರಡುತ್ತಿದ್ದರು. ಉಳಿದ ದೋಣಿಗಳು ಉದ್ದಕ್ಕೆ ಹೋದರೆ ಇದು ಅಡ್ಡಕ್ಕೇ ಹೋಗಿ ಹೋಗಿ ಕೆಳಕ್ಕೆ ಬರುತ್ತಿತ್ತು. ಕಾವಲಿನವರು ಹಗ್ಗ ಹಿಡಿದುಕೊಂಡೇ ಹಿಂದೆ ಬಂದರು. ಮೊದಮೊದಲು ಕರೆಯುತ್ತಿದ್ದವರು ಮೂರನೇ ದಾಟಿಗೆ ಸುಮ್ಮನಾದರು, ನಾಲ್ಕನೆಯದಕ್ಕೆ ಹಗ್ಗ ಸುತ್ತಿಟ್ಟು ತಾವೂ ಕೂಗಿ ಹುರಿದುಂಬಿಸಿದರು. ತಣ್ಣೀರಿನ ಅಲೆ ಬುಟ್ಟಿಯೊಳಗೆ ಬಂದಾಗಲೆಲ್ಲ ಹೊರಿಗುಚಿ ಸಾನ್ ಹೆಲ್ಮೆಟ್ ತೆಗೆದು ಅದರಲ್ಲೇ ನೀರು ಮೊಗೆದು ಚೆಲ್ಲುತ್ತಿದ್ದರು. ಹೆಲ್ಮೆಟ್ ತೆಗೆಯಬಾರದು, ಅದು ತಪ್ಪು, ಅವರಿಗೂ ಗೊತ್ತು. ಉಮಾಶಂಕರ್ ಯಾವಾಗಲೋ ಅಂಚು ಬಿಟ್ಟು ಎರಡೂ ಕೈ ಮೇಲೆತ್ತಿದ್ದರು. ಅದು ಐದನೇ ದಾಟಿನಲ್ಲಿ, ನಾನು ಕಣ್ಣಾರೆ ನೋಡಿದೆ.

ಕೆಳಗಿನ ಗೆರೆ ಎಂದರೆ ನದಿಯ ಮೇಲೆ ಈ ದಡದಿಂದ ಆ ದಡಕ್ಕೆ ಕಟ್ಟಿದ ಹಗ್ಗ. ಅದರ ತುಂಬ ಆ ದಿನದ ಮಕ್ಕಳ ಹಬ್ಬಕ್ಕೆ ಇಲ್ಲಿ ಹಾರಿಸುವ ಬಟ್ಟೆಯ ಮೀನುಗಳು ಗಾಳಿ ತುಂಬಿಕೊಂಡು ಈಜುತ್ತಿದ್ದವು. ಆರನೇ ದಾಟಿನಲ್ಲಿ ಹರಿಗೋಲು ಎಡದಡದ ಕಡೆಗೆ ಬರುತ್ತಿದ್ದಾಗ ಧ್ವನಿವರ್ಧಕದಲ್ಲಿ ಹನ್ನೆರಡರ ಹಾಡು ಶುರುವಾಯಿತು. ಕೊನೆಯ ಅಲೆ ಹರಿಗೋಲನ್ನು ಅರ್ಧ ಸುತ್ತು ತಿರುಗಿಸಿತು. ಸರಿಯಾಗಿ ಮೀನುಗಳ ಕೆಳಗೆ ತಳ ಜಲ್ಲಿಗೆ ತಗುಲಿ ನಿಂತುಬಿಟ್ಟಿತು. ನವೀನ ಮತ್ತು ಹೊರಿಗುಚಿ ಸಾನ್ ಕುಳಿತಿದ್ದ ಪಕ್ಕ ಗೆರೆಯ ಆಚೆ. ಎದೆಯ ಮೇಲೆ ಇಪ್ಪತ್ತೇಳು ಕಟ್ಟಿಕೊಂಡ ಸರಸ್ವತಕ್ಕ ಇನ್ನೂ ಗೆರೆಯ ಈಚೆ. ಹುಟ್ಟನ್ನು ಎರಡು ಸಲ ಊರಿ ನೂಕಿದರು. ಅಲುಗಲಿಲ್ಲ. ದಡದಲ್ಲಿ ಅರಾಯಿ ಸಾನ್ ಬಾವುಟ ಎತ್ತಿ ನಿಂತಿದ್ದರು, ಅವರ ಕಣ್ಣು ಆ ಫಲಕದ ಮೇಲೇ ಇತ್ತು. ಹಾಡು ಕೊನೆಯ ಸಾಲಿಗೆ ಬಂದಿತ್ತು.

ಸರಸ್ವತಕ್ಕ ಎದ್ದು ನಿಂತರು. ಹುಟ್ಟು ಹಿಡಿದುಕೊಂಡೇ ಗಂಡನ ಮಂಡಿಗಳನ್ನು ದಾಟಿ, ನವೀನನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಗೆರೆಯ ಆಚೆಯ ಅಂಚಿನಲ್ಲಿ ಮಂಡಿಯೂರಿ ಕುಳಿತರು.

"ಈಗ ಇದು ಮುಂದೆ" ಎಂದರು.

ನವೀನ ಅದನ್ನು ಜಪಾನೀಸಿನಲ್ಲಿ ಕೂಗಿದ. ಕೂಗಬೇಕಾಗಿರಲಿಲ್ಲ. ಅರಾಯಿ ಸಾನ್ ಒಂದು ಕ್ಷಣ ತಮ್ಮ ಫಾರಂ ನೋಡಿಕೊಂಡರು. ಮುಂಭಾಗ ಎಂಬ ಕಡೆ ಅವರದೇ ಕೈಬರಹದಲ್ಲಿ ಸರಸ್ವತಿ ಎಂದಿತ್ತು. ಅವರು ಬಾವುಟ ಇಳಿಸಿದರು. ಹಾಡು ಮುಗಿಯುವ ಮುಂಚೆ ಇಳಿಸಿದರು ಎಂದು ಮೂವರು ಹೇಳುತ್ತಾರೆ, ಮುಗಿದ ಮೇಲೆ ಎಂದು ನವೀನ ಹೇಳುತ್ತಾನೆ, ಆದರೆ ಅವನ ಕಿವಿಯಲ್ಲಿ ಆಗ ನೀರಿತ್ತು. ಮೂವತ್ತೊಂದು ದೋಣಿಗಳಲ್ಲಿ ಇವರದು ಇಪ್ಪತ್ತೊಂಬತ್ತನೆಯದು. ಉಳಿದ ಎರಡು ಮಗುಚಿಕೊಂಡಿದ್ದವು.

ದಡ ಸೇರಿದ ಮೇಲೆ ನಾಲ್ವರಿಗೂ ನೆಟ್ಟಗೆ ನಿಲ್ಲಲು ಆಗಲಿಲ್ಲ. ನೆಲ ತಿರುಗುತ್ತಿದೆ ಎನ್ನುತ್ತಾ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಕಾವಲಿನ ರಾಫ್ಟಿನವರು ಬಂದು ಆ ಹುಟ್ಟನ್ನು ಒಮ್ಮೆ ಹಿಡಿದು ನೋಡಬಹುದೇ ಎಂದು ಕೇಳಿದರು. ಸರಸ್ವತಕ್ಕ ಕೊಟ್ಟರು, ಆದರೆ ಅದನ್ನು ವಾಪಸು ಪಡೆಯುವವರೆಗೂ ಬೇರೆ ಕಡೆ ನೋಡಲಿಲ್ಲ.

ಮಧ್ಯಾಹ್ನ ಊರಿನ ಕೊಂಬಿನಿ ಅಂಗಡಿಯ ಮುಂದಿನ ಹಸಿರು ಸಾರ್ವಜನಿಕ ಫೋನಿನಿಂದ ಅವರು ಅಪ್ಪನಿಗೆ ಮತ್ತೆ ಫೋನ್ ಮಾಡಿದರು. ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ಎತ್ತಿದ ತಕ್ಷಣ ಓಟದ ವಿಷಯ ಕೇಳಲಿಲ್ಲ.

"ಆ ದಡಕ್ಕೆ ಹೋದ್ಯಾ?"

"ಹೋದೆ ಅಪ್ಪ. ಹೋದೆ, ಬಂದೆ. ಆರು ಸಲ ದಾಟ್ದೆ."

"ಆರಾ" ಎಂದರು ಅಪ್ಪ. ದನಿಯಲ್ಲಿ ಒಂದು ತೃಪ್ತಿ ಇತ್ತಂತೆ. "ಜನ ನೆನೆದ್ರಾ?"

ಸರಸ್ವತಕ್ಕ ತಿರುಗಿ ನೋಡಿದರು. ಹೊರಿಗುಚಿ ಸಾನ್ ಕಾಲುಚೀಲ ಹಿಂಡುತ್ತಿದ್ದರು. ನವೀನ ಬಿಸಿ ಕಾಫಿಯ ಡಬ್ಬಿಯನ್ನು ಕಾಲಿನ ಮೇಲೆ ಉರುಳಿಸಿಕೊಳ್ಳುತ್ತಿದ್ದ. ಉಮಾಶಂಕರ್ ನಿಂತಲ್ಲೇ, ಸುಮ್ಮನೆ, ಇನ್ನೂ ನಗುತ್ತಿದ್ದರು.

"ಎಲ್ರೂ ನೆನೆದ್ರು, ಅಪ್ಪ. ತಲೆಯಿಂದ ಕಾಲ್ತನಕ."

"ಅದು ತಪ್ಪು ಕಣವ್ವ" ಎಂದರು ಅಪ್ಪ. "ಮುಂದಿನ ಸಲ ನೆನೆಸ್ದಂಗೆ ದಾಟ್ಸು."

ನೆನೆಸದೆ ದಾಟಿಸುತ್ತೇನೆ ಎಂದು ಸರಸ್ವತಕ್ಕ ಮಾತು ಕೊಟ್ಟು ಫೋನ್ ಇಟ್ಟರು.